ಎಡಗಾಲಿಗೆ ಬಲಗಾಲು ಕೊಟ್ಟದ್ದು

ನಮ್ಮ ಹಳೇಬೀಡು, ಮಾದಿಹಳ್ಳಿ ಕಡೆ ಯಾರಿಗಾದರೂ ಗಾಯವಾದರೆ, ನೋಡಲು ಬಂದವರು ಮೊದಲು ಕೇಳುವುದು ಒಂದೇ ಮಾತು: "ಏನು ಹಚ್ಚಿದ್ರಿ?" ಗಾಯ ಎಷ್ಟು ಆಳ, ತೊಳೆದಿರಾ, ಸೂಜಿ ಹಾಕಿಸಿದಿರಾ ಎಂದು ಕೇಳುವವರು ಕಡಿಮೆ. ಬಂದವರೆಲ್ಲ ಒಂದೊಂದು ಮದ್ದು ಹೇಳುತ್ತಾರೆ. ಒಬ್ಬರು ಅರಿಶಿನ ಸುಣ್ಣ ಎಂದರೆ ಇನ್ನೊಬ್ಬರು ಬೆರಣಿ ಸುಟ್ಟ ಬೂದಿ ಎನ್ನುತ್ತಾರೆ, ಮತ್ತೊಬ್ಬರು ಬೇಲಿಯ ಯಾವುದೋ ಸೊಪ್ಪು ತಂದೇ ಬಿಡುತ್ತಾರೆ. ಯಾರದೂ ಕೆಟ್ಟ ಮನಸ್ಸಲ್ಲ. ಆದರೆ ಒಳ್ಳೆಯ ಮನಸ್ಸಿನಿಂದ ಹಚ್ಚಿದರೂ ಬೂದಿ ಬೂದಿಯೇ.

ಮಾದಿಹಳ್ಳಿಯ ಅನುಸೂಯಮ್ಮನ ಕಾಲಿಗೆ ಹೀಗೆ ಊರಿನ ಪ್ರೀತಿಯೆಲ್ಲ ಮೆತ್ತಿಕೊಂಡಿತ್ತು.

ಅನುಸೂಯಮ್ಮ ಹೊಲಿಗೆ ಕಲಿತವಳು. ಮನೆಯ ಜಗಲಿಯಲ್ಲಿ ತುಳಿಯುವ ಮಿಷನ್ನು ಇಟ್ಟುಕೊಂಡು ಊರಿನ ಹೆಣ್ಣುಮಕ್ಕಳಿಗೆ ರವಿಕೆ, ಲಂಗ ಹೊಲಿದುಕೊಡುತ್ತಿದ್ದಳು. ಗಂಡ ಗಂಗಾಧರಪ್ಪನಿಗೆ ಸ್ವಲ್ಪ ಗದ್ದೆ, ಹಗರೆ ಕಡೆ ಒಂದು ತೆಂಗಿನ ತೋಟ, ಒಂದು ಜೊತೆ ಎತ್ತು. ಅತ್ತೆ ಬಸಮ್ಮ ಮನೆಯ ಯಜಮಾನಿ. ಅವಳನ್ನು ಕೇಳದೆ ಆ ಮನೆಯಲ್ಲಿ ಒಲೆ ಹತ್ತುತ್ತಿರಲಿಲ್ಲ.

ಎಂಬತ್ತೆರಡನೇ ಇಸವಿ, ರಾಗಿ ಕೊಯ್ಲು ಮುಗಿದ ಕಾಲ. ತೋಟದಿಂದ ಕಾಯಿ ತುಂಬಿಕೊಂಡು ಗಾಡಿ ಬರುತ್ತಿತ್ತು. ಏರು ಬಂದಾಗ ಎತ್ತುಗಳಿಗೆ ಭಾರವಾಗುತ್ತದೆಂದು ಅನುಸೂಯಮ್ಮ ಇಳಿಯಹೋದಳು. ಸೀರೆಯ ಅಂಚು ಚಕ್ರದ ಅಚ್ಚಿಗೆ ಸುತ್ತಿಕೊಂಡು ಅವಳನ್ನು ಕೆಡವಿತು. ಗಂಗಾಧರಪ್ಪ ಹಗ್ಗ ಎಳೆದು ಎತ್ತುಗಳನ್ನು ನಿಲ್ಲಿಸುವಷ್ಟರಲ್ಲಿ, ಕಬ್ಬಿಣದ ಪಟ್ಟಿಯ ಚಕ್ರ ಅವಳ ಎಡಗಾಲಿನ ಗಿಣ್ಣನ್ನು ಉಜ್ಜಿಕೊಂಡು ಮುಂದಕ್ಕೆ ಹೋಗಿತ್ತು.

ನಾಟಿ ವೈದ್ಯ ಬಂದು ಅಮುಕಿ ನೋಡಿ, ಮೂಳೆ ಮುರಿದಿಲ್ಲ ಎಂದ. ಅವನು ಹೇಳಿದ್ದು ನಿಜವೇ. ಆದರೆ ಒಳಗಿಣ್ಣಿನಿಂದ ಹಿಮ್ಮಡಿಯ ತನಕ ಚರ್ಮವೂ ಅದರಡಿಯ ಮಾಂಸವೂ ಸುಲಿದುಹೋಗಿದ್ದವು. ಮೂಳೆ ಮುರಿದಿಲ್ಲ ಎಂಬ ಮಾತು ಕೇಳಿ ಮನೆಯವರು ಸಮಾಧಾನಪಟ್ಟುಕೊಂಡರು. ಚರ್ಮ ತಾನೇ, ಬರುತ್ತದೆ ಬಿಡಿ ಎಂದರು. ಬೂದಿ ಮೆತ್ತಿ, ಸೊಪ್ಪಿನ ರಸ ಹಿಂಡಿ, ಹಳೆಯ ಪಂಚೆಯ ತುಂಡು ಸುತ್ತಿದರು.

ಚರ್ಮ ಬರಲಿಲ್ಲ. ಮಾಗಿಯ ಚಳಿ ಕಳೆದು ಹೊಂಗೆ ಚಿಗುರುವ ಹೊತ್ತಿಗೂ ಗಾಯ ಕೂಡಲಿಲ್ಲ. ಸುತ್ತಲಿನ ಮಾಂಸ ಕಪ್ಪಾಗಿ ಕೊಳೆತು, ಅದರ ನಡುವೆ ಮೂಳೆ ಬೆಳ್ಳಗೆ ಕಾಣತೊಡಗಿತು. ಬಟ್ಟೆ ಕೊಡಲು ಬಂದ ಹೆಂಗಸರು ಮೊದಲು ಜಗಲಿಯ ಮೇಲೆ ಕೂತು ಮಾತಾಡುತ್ತಿದ್ದವರು, ಆಮೇಲೆ ಮೆಟ್ಟಿಲ ಬಳಿ ನಿಂತು ಮಾತಾಡಿದರು, ಆಮೇಲೆ ಬೀದಿಯಿಂದಲೇ ಹೇಗಿದ್ದೀಯೆಂದು ಕೇಳಿ ಹೋಗತೊಡಗಿದರು. ವಾಸನೆ ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅವಳಿಗೇ ಅದು ಗೊತ್ತಿತ್ತು.

ಮಧ್ಯಾಹ್ನದ ಹೊತ್ತು ಜ್ವರ ಏರುತ್ತಿತ್ತು. ಆಗ ಅವಳಿಗೆ ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಸೂರಿನ ಸಂದಿಯಿಂದ ಬಿಸಿಲು ಒಂದು ನೂಲಿನ ಹಾಗೆ ಇಳಿಯುವುದು. ಆ ನೂಲು ಮಿಷನ್ನಿನ ಸೂಜಿಗೆ ತಾನಾಗಿ ಪೋಣಿಸಿಕೊಳ್ಳುವುದು. ಯಾರೂ ತುಳಿಯದೆ ಮಿಷನ್ನು ಓಡುವುದು. ಕೆರೆಯ ನೀರನ್ನೇ ಬಟ್ಟೆಯ ಹಾಗೆ ಎಳೆದುಕೊಂಡು ಹೊಲಿಯುವುದು. ಅವಳ ಎಡ ಪಾದ ಮಾತ್ರ ಅವಳನ್ನು ಬಿಟ್ಟು ಗದ್ದೆಯ ಬದುವಿನ ಮೇಲೆ ಒಂಟಿಯಾಗಿ ನಡೆದುಹೋಗುತ್ತಿರುವುದು. ಕೂಗಿ ಕರೆಯಬೇಕೆಂದರೆ ಪಾದವನ್ನು ಏನೆಂದು ಕರೆಯುವುದು? ಕಣ್ಣು ಬಿಟ್ಟಾಗ ಬೆವರಿನಲ್ಲಿ ದಿಂಬು ನೆಂದಿರುತ್ತಿತ್ತು.

ಕೊನೆಗೆ ಗಂಗಾಧರಪ್ಪ ಅವಳನ್ನು ಪಟ್ಟಣದ ಒಬ್ಬ ಡಾಕ್ಟರ ಬಳಿಗೆ ಕರೆದೊಯ್ದ. ಅವರು ಕಟ್ಟು ಬಿಚ್ಚಿ ನೋಡಿದರು. ಇದು ತಮ್ಮ ಕೈಲಿ ಆಗುವ ಕೆಲಸವಲ್ಲ, ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಇದಕ್ಕೇ ಬೇರೆ ಡಾಕ್ಟರಿದ್ದಾರೆ, ತಡಮಾಡದೆ ಹೋಗಿ, ಹೀಗೇ ಬಿಟ್ಟರೆ ಪಾದ ತೆಗೆಯಬೇಕಾದೀತು ಎಂದರು. ಅಷ್ಟೆಲ್ಲ ಹೇಳಿದರೂ ಮನೆಯವರ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ. ಆಸ್ಪತ್ರೆಗೆ ಹೋದರೆ ಪಾದ ತೆಗೆಯುತ್ತಾರೆ ಎಂದು ಬಸಮ್ಮ ತಿಳಿದಳು. ಊರೂ ಹಾಗೇ ತಿಳಿಯಿತು. ಅಲ್ಲಿಂದಾಚೆ ಆಸ್ಪತ್ರೆ ಎಂಬ ಮಾತು ಆ ಮನೆಯಲ್ಲಿ ಏಳಲಿಲ್ಲ.

ಹಳೇಬೀಡಿನಲ್ಲಿ ಬಸದಿಗಳಿಗೆ ಹೋಗುವ ದಾರಿಯಲ್ಲಿ ಚಂದ್ರಮತಿ ಎಂಬಾಕೆಯ ಜವಳಿ ಅಂಗಡಿ. ಜೈನರ ಮನೆತನ. ಅನುಸೂಯಮ್ಮ ನೂಲು, ಗುಂಡಿ, ಒಳಬಟ್ಟೆ ಎಲ್ಲವನ್ನೂ ಅಲ್ಲೇ ಕೊಳ್ಳುತ್ತಿದ್ದಳು. ಸಂತೆ ಮೇಲೆ ಸಂತೆ ಕಳೆದರೂ ಅವಳು ಕಾಣದಿದ್ದುದಕ್ಕೆ ಚಂದ್ರಮತಿ ಯಾರನ್ನೋ ವಿಚಾರಿಸಿ, ಒಂದು ದಿನ ಊಟ ಮುಗಿಸಿ ಬಸ್ಸು ಹತ್ತಿ ಮಾದಿಹಳ್ಳಿಗೆ ಬಂದರು. ಸೂರ್ಯ ಮುಳುಗುವ ಮುಂಚೆ ಊಟ ಮಾಡುವವರಾದ್ದರಿಂದ ಸಂಜೆಯ ಬಸ್ಸಿಗೆ ಹಿಂದಿರುಗಬೇಕೆಂದು ಮೊದಲೇ ಹೇಳಿದರು. ಹಾಗೆ ಹೇಳಿದವರು ಮೆಟ್ಟಿಲ ಬಳಿ ನಿಲ್ಲಲಿಲ್ಲ. ಸೀದಾ ಒಳಗೆ ಬಂದು ಅನುಸೂಯಮ್ಮನ ಕಾಲ ಬಳಿಯೇ ಚಾಪೆಯ ಮೇಲೆ ಕೂತರು. ಸೆರಗನ್ನು ಮೂಗಿಗೆ ಹಿಡಿಯಲಿಲ್ಲ.

ಏನು ಹಚ್ಚಿದಿರಿ ಎಂದು ಕೇಳಲಿಲ್ಲ. "ಮೂಳೆ ಕಾಣ್ತಾ ಇದೆಯಾ?" ಎಂದು ಕೇಳಿದರು.

ಅನುಸೂಯಮ್ಮ ತಲೆಯಾಡಿಸಿದಳು. ಅದನ್ನು ಒಪ್ಪಿಕೊಂಡದ್ದೇ ಅವಳ ಕಣ್ಣಲ್ಲಿ ನೀರು ತಂದಿತು.

ಬಸಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು. ಆಸ್ಪತ್ರೆಯ ಮಾತು ಬರುತ್ತದೆಂದು ಅವಳಿಗೆ ಗೊತ್ತಾಯಿತು. ಮುಂಚಿತವಾಗಿಯೇ ಹೇಳಿಬಿಟ್ಟಳು: "ಬೆಂಗ್ಳೂರಲ್ಲಿ ಪ್ಲಾಸ್ಟಿಕ್ ಡಾಕ್ಟ್ರು ಅವ್ರಂತೆ, ಅವ್ರನ್ನ ಕಾಣ್ಬೇಕಂತೆ. ಪ್ಲಾಸ್ಟಿಕ್ ಬಿಂದಿಗೇನೆ ಬಿಸ್ಲಲ್ಲಿಟ್ರೆ ಸೊಟ್ಟ ಆಯ್ತದೆ. ಕಾಲಿಗೆ ಹಾಕಿದ್ರೆ ಎಷ್ಟು ದಿನ ಬತ್ತದೆ ಅಮ್ಮಾವ್ರೆ?"

ಚಂದ್ರಮತಿ ನಗಲಿಲ್ಲ. ತಾವು ಕೂತಲ್ಲೇ ಸ್ವಲ್ಪ ಸರಿದು, ಸೀರೆಯ ನೆರಿಗೆಯನ್ನು ಗಿಣ್ಣಿನ ಮೇಲಕ್ಕೆ ಎತ್ತಿ, ತಮ್ಮ ಬಲ ಪಾದವನ್ನು ಬೆಳಕಿಗೆ ಚಾಚಿದರು.

ಪಾದದ ಮೇಲ್ಭಾಗದಲ್ಲಿ ಅಂಗೈಯಗಲ ಚರ್ಮ ಬೇರೆ ಬಣ್ಣದ್ದಾಗಿತ್ತು. ಸುತ್ತಲಿಗಿಂತ ಸ್ವಲ್ಪ ದಪ್ಪ, ಸ್ವಲ್ಪ ಬಿಳಿ. ಅಂಚಿನುದ್ದಕ್ಕೂ ಸಣ್ಣ ಗೀರು. ಹುಟ್ಟಿದಾಗಿನಿಂದ ಅಲ್ಲಿದ್ದದ್ದಲ್ಲ ಎಂದು ನೋಡಿದರೇ ತಿಳಿಯುತ್ತಿತ್ತು.

ಚಂದ್ರಮತಿ ತಮ್ಮ ಕತೆ ಹೇಳಿದರು. ಮದುವೆಗೆ ಮುಂಚೆ ಒಂದು ಸಲ ಬಸ್ಸಿನಿಂದ ಇಳಿಯುವಾಗ ಜಾರಿ, ಹಿಂದಿನ ಚಕ್ರ ಪಾದದ ಮೇಲೆ ಹರಿದಿತ್ತು. ಚರ್ಮ ಕಿತ್ತು ನರಗಳೆಲ್ಲ ಹೊರಗೆ ಕಾಣುತ್ತಿದ್ದವು. ಅವರ ತಂದೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಸೇರಿಸಿದ್ದರು. ಅಲ್ಲಿ ಅವರ ಎಡಗಾಲಿನ ಮೀನಖಂಡದಿಂದ ಚರ್ಮ, ಅದರಡಿಯ ಕೊಬ್ಬು ಸಮೇತ ಬಿಡಿಸಿ ಈ ಪಾದಕ್ಕೆ ಹೊದಿಸಿದ್ದರು. ಅಂಗಡಿಯಲ್ಲಿ ದಿನವಿಡೀ ಕೂತಿರುವ ಅವರ ಕಾಲನ್ನು ಯಾರೂ ಗಮನಿಸಿರಲಿಲ್ಲ. ಅವರೂ ಈವರೆಗೆ ಯಾರಿಗೂ ತೋರಿಸಿರಲಿಲ್ಲ.

"ಪ್ಲಾಸ್ಟಿಕ್ ಅನ್ನೋದು ಆ ವಿದ್ಯೆಯ ಹೆಸರು ಅಷ್ಟೇ ಬಸಮ್ಮ. ಇದರಲ್ಲಿ ಪ್ಲಾಸ್ಟಿಕ್ ಒಂದು ಚೂರೂ ಇಲ್ಲ. ಇದು ನನ್ನದೇ ಚರ್ಮ. ಮುಟ್ಟಿ ನೋಡಿ."

ಬಸಮ್ಮ ಬಾಗಿಲು ಬಿಟ್ಟು ಬಂದಳು. ಕೂತಳು. ಎರಡು ಬೆರಳಿಂದ ಆ ಪಾದವನ್ನು ಮುಟ್ಟಿದಳು. ಬೆಚ್ಚಗಿತ್ತು. ಅವಳ ಕೈ ಸ್ವಲ್ಪ ಹೊತ್ತು ಅಲ್ಲೇ ಉಳಿಯಿತು.

ಅನುಸೂಯಮ್ಮನಿಗೆ ಒಂದು ವಿಷಯ ಅರ್ಥವಾಗಲಿಲ್ಲ. ಸುಟ್ಟ ಗಾಯಕ್ಕೆ ತೊಡೆಯಿಂದ ತೆಳ್ಳನೆಯ ಚರ್ಮ ತೆಗೆದು ಅಂಟಿಸುತ್ತಾರೆಂದು ಅವಳು ಕೇಳಿದ್ದಳು. ಹಾಗೇ ಅಂಟಿಸಿದರೆ ಆಗದೇ, ಎರಡು ಕಾಲು ಯಾಕೆ ಎಂದು ಕೇಳಿದಳು.

"ನೀನು ಹೊಲಿಗೆಯೋಳು, ನಿಂಗೆ ಬೇಗ ತಿಳಿಯುತ್ತೆ," ಎಂದರು ಚಂದ್ರಮತಿ. "ಬಟ್ಟೆಗಾದ್ರೆ ತೇಪೆ ಕತ್ತರಿಸಿ ತಂದು ಇಟ್ರೆ ಆಯ್ತು. ಚರ್ಮ ಜೀವ ಇರೋದು, ಅದಕ್ಕೆ ರಕ್ತ ಬೇಕು. ಅಡಿಯಲ್ಲಿ ಕೆಂಪು ಮಾಂಸ ಇದ್ರೆ ತೆಳ್ಳಗಿನ ಚರ್ಮ ಅಲ್ಲಿಂದ ರಕ್ತ ಕುಡಿದು ಬದುಕುತ್ತೆ. ಬರೀ ಮೂಳೆ ಮೇಲಿಟ್ರೆ ಒಣಗಿ ಉದುರುತ್ತೆ. ಅದಕ್ಕೆ ಒಳ್ಳೆ ಕಾಲಿನ ಚರ್ಮನ ಮೂರು ಕಡೆ ಬಿಡಿಸ್ತಾರೆ, ಒಂದು ಅಂಚು ಕತ್ತರಿಸಲ್ಲ. ಹಂಗೇ ತಂದು ಗಾಯಕ್ಕೆ ಹೊಲಿದು, ಎರಡೂ ಕಾಲು ಅಲ್ಲಾಡದ ಹಾಗೆ ಕಟ್ಟಿಡ್ತಾರೆ. ಒಳ್ಳೆ ಕಾಲು ಆ ಅಂಚಿಂದ ಊಟ ಕೊಡ್ತಾ ಇರುತ್ತೆ. ಹೊಸ ಜಾಗದಲ್ಲಿ ಅದು ಬೇರೂರಿದ ಮೇಲೆ ಅಂಚು ಕತ್ತರಿಸಿ ಕಾಲು ಬಿಡಿಸ್ತಾರೆ. ಮೂರು ವಾರ ಬೇಕಾಗುತ್ತೆ."

ಎಲ್ಲ ಗಾಯಕ್ಕೂ ಇದೇ ಆಗಬೇಕೆಂದಿಲ್ಲ ಎಂದೂ ಅವರು ಹೇಳಿದರು. ಕೆಲವರಿಗೆ ಗಾಯದ ಪಕ್ಕದ ಚರ್ಮವನ್ನೇ ಸರಿಸುತ್ತಾರೆ. ಕೆಲವರಿಗೆ ತೆಳ್ಳಗಿನದೇ ಸಾಕಾಗುತ್ತದೆ. ಯಾವುದು ಬೇಕೆಂದು ಡಾಕ್ಟರು ನೋಡಿ ಹೇಳಬೇಕು.

ಬಸಮ್ಮನ ಮನಸ್ಸಿನಲ್ಲಿದ್ದ ದೊಡ್ಡ ಭಯ ಆಗ ಹೊರಗೆ ಬಂತು. "ಕೆಟ್ಟಿರೋದು ಒಂದು ಕಾಲು ಕಣಮ್ಮ. ಚೆನ್ನಾಗಿರೋ ಕಾಲ್ನೂ ಕುಯ್ಸಿ, ಎರಡೂ ಹೋದ್ರೆ ಇವಳ ಗತಿ ಏನು? ನಾನು ಎಷ್ಟು ದಿನ ಇರ್ತೀನಿ ಇವಳ್ನ ಎತ್ತಿ ಕೂರ್ಸಕ್ಕೆ?"

ಅಷ್ಟು ದಿನ ಅತ್ತೆ ಹಟಕ್ಕೆ ಬೇಡ ಎನ್ನುತ್ತಿದ್ದಾಳೆ ಎಂದು ಅನುಸೂಯಮ್ಮ ತಿಳಿದಿದ್ದಳು. ಅದು ಹಟವಲ್ಲ, ತನ್ನ ಮೇಲಿನ ಚಿಂತೆ ಎಂದು ಅವತ್ತು ಗೊತ್ತಾಯಿತು.

ಚಂದ್ರಮತಿ ಸುಳ್ಳು ಧೈರ್ಯ ಹೇಳಲಿಲ್ಲ. ಒಮ್ಮೊಮ್ಮೆ ಹೊದಿಸಿದ ಚರ್ಮದ ಒಂದು ಮೂಲೆ ಉಳಿಯದೆ ಹೋಗುವುದುಂಟು, ಅಪರೂಪಕ್ಕೆ ಪೂರ್ತಿಯೇ ಹೋಗುವುದೂ ಉಂಟು ಎಂದರು. ಆದರೆ ಚರ್ಮ ಕೊಟ್ಟ ಕಾಲು ಕುಂಟುವುದಿಲ್ಲ, ಅಲ್ಲಿ ಒಂದು ಕಲೆ ಉಳಿಯುತ್ತದೆ ಅಷ್ಟೇ. ಹೀಗೇ ಬಿಟ್ಟ ಗಾಯದಲ್ಲಿ ಮಾತ್ರ ಮೂಳೆಯೇ ಕೊಳೆಯುತ್ತದೆ. ಆಗ ಡಾಕ್ಟರಿಗೆ ಬೇರೆ ದಾರಿ ಇರುವುದಿಲ್ಲ.

"ಪಾದ ತೆಗೀತಾರೆ ಅಂತ ಹೆದರಿ ನೀವು ಮನೇಲಿ ಕೂತಿದ್ದೀರಿ," ಎಂದರು. "ಪಾದ ಹೋಗೋದು ಮನೇಲಿ ಕೂತಿದ್ರೇನೇ."

 ಹಿತ್ತಲಲ್ಲಿ ಎತ್ತಿನ ಕೊರಳ ಗಂಟೆ ಒಮ್ಮೆ ಅಲುಗಿತು. ಅನುಸೂಯಮ್ಮ ತನ್ನ ಬಲಗಾಲನ್ನು ನೋಡಿಕೊಂಡಳು. ಇಷ್ಟು ವರ್ಷ ಅದನ್ನು ಹಾಗೆ ನೋಡಿಕೊಂಡಿರಲಿಲ್ಲ. ಅದು ಸುಮ್ಮನೆ ಎಡಗಾಲಿನ ಪಕ್ಕದಲ್ಲಿ ಮಲಗಿತ್ತು, ಕಾಯಿಲೆ ಬಿದ್ದ ತಂಗಿಯ ಪಕ್ಕ ಅಕ್ಕ ಮಲಗಿದ ಹಾಗೆ.

"ನಾನು ಹೋಯ್ತೀನಿ ಅತ್ತೆ," ಎಂದಳು.

ಬಸಮ್ಮ ಎದ್ದು ನಿಂತಳು. ಹೋಗುವುದಾದರೆ ತಾನೂ ಬರುವುದಾಗಿಯೂ, ಕುಯ್ಯುವವರ ಮುಖ ತಾನು ನೋಡಬೇಕೆಂದೂ ಹೇಳಿ, ಬಟ್ಟೆ ಕುದಿಸಲು ಒಲೆಯ ಮೇಲೆ ನೀರಿಟ್ಟಳು. ಗಾಯದ ಮೇಲಿದ್ದ ಬೂದಿ ಸೊಪ್ಪನ್ನೆಲ್ಲ ಕುದಿಸಿ ಆರಿಸಿದ ನೀರಿನಿಂದ ತೊಳೆದು, ಕುದಿಸಿ ಒಣಗಿಸಿದ ಬಟ್ಟೆ ಸುತ್ತುವುದನ್ನು ಚಂದ್ರಮತಿ ಅಲ್ಲೇ ತೋರಿಸಿಕೊಟ್ಟರು. ಅಷ್ಟರಲ್ಲಿ ಸಂಜೆಯ ಬಸ್ಸು ಹೋಗಿಬಿಟ್ಟಿತ್ತು. ಅವರು ಅವತ್ತು ಊಟವಿಲ್ಲದೆಯೇ ಊರಿಗೆ ಹೋದರು. ಗಂಗಾಧರಪ್ಪ ಗಾಡಿ ಕಟ್ಟಿಕೊಂಡು ಬಿಟ್ಟು ಬಂದ.

ಅರಸೀಕೆರೆಯ ತನಕ ಬಸ್ಸು, ಅಲ್ಲಿಂದ ಬೆಂಗಳೂರಿಗೆ ರೈಲು. ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಅನುಸೂಯಮ್ಮನನ್ನು ಮಲಗಿಸಿ, ಕಾಲನ್ನು ತನ್ನ ತೊಡೆಯ ಮೇಲೆ ಎತ್ತರಕ್ಕೆ ಇಟ್ಟುಕೊಂಡು ಬಸಮ್ಮ ಕೂತಳು. ಮುಂಜಾನೆಯ ಮಂಜಿನಲ್ಲಿ ಹಳಿಗಳು ಎಲ್ಲಿಂದಲೋ ಬಂದು ಎಲ್ಲಿಗೋ ಕರಗುತ್ತಿದ್ದವು. ರೈಲು ಹೊರಟ ಮೇಲೆ ಕಿಟಕಿಯಲ್ಲಿ ತೆಂಗಿನ ತೋಟಗಳು ಒಂದರ ಹಿಂದೊಂದು ನಿಧಾನವಾಗಿ ತಿರುಗಿದವು. ಮರಗಳು ಓಡುತ್ತಿವೆಯೋ ತಾನು ಓಡುತ್ತಿದ್ದೇನೆಯೋ ತಿಳಿಯದೆ, ಅನುಸೂಯಮ್ಮ ಕಾಲಿಲ್ಲದೆಯೂ ಇಷ್ಟು ದೂರ ಹೋಗಬಹುದಲ್ಲ ಎಂದುಕೊಂಡು ನಿದ್ದೆ ಹೋದಳು.

ಗಂಗಾಧರಪ್ಪ ಅವಳನ್ನು ಆಸ್ಪತ್ರೆಗೆ ಸೇರಿಸಿ, ತಾಯಿಯನ್ನು ಜೊತೆಗೆ ಬಿಟ್ಟು, ಎತ್ತು ಗದ್ದೆ ನೋಡಿಕೊಳ್ಳಲು ಊರಿಗೆ ಮರಳಿದ. ಆಸ್ಪತ್ರೆಯಲ್ಲಿ ಕೂಡಲೇ ಆಪರೇಷನ್ ಮಾಡಲಿಲ್ಲ. ಮೊದಲು ಧನುರ್ವಾಯು ಬಾರದಂತೆ ಸೂಜಿ ಹಾಕಿದರು. ಸತ್ತ ಮಾಂಸವನ್ನೆಲ್ಲ ಕತ್ತರಿಸಿ ತೆಗೆದರು. ಆಮೇಲೆ ದಿನಾ ತೊಳೆದು ಕಟ್ಟು ಕಟ್ಟಿದರು. ಬಸಮ್ಮನಿಗೆ ತಾಳ್ಮೆ ಕೆಟ್ಟಿತು. ತೇಪೆ ಹಾಕುತ್ತೇವೆಂದು ಕರೆಸಿಕೊಂಡು ಬರೀ ತೊಳೆಯುತ್ತಾ ಕೂತಿದ್ದಾರೆ ಎಂದು ಗೊಣಗಿದಳು. ಅದು ಡಾಕ್ಟರ ಕಿವಿಗೆ ಬಿತ್ತು. ನಡುವಯಸ್ಸಿನ, ಮೆಲ್ಲಗೆ ಮಾತಾಡುವ ಮನುಷ್ಯ. ಕೆಸರು ಹದವಾಗದೆ ನಾಟಿ ಹಾಕುತ್ತೀರಾ ಅಮ್ಮ ಎಂದು ಕೇಳಿದರು. ಬಸಮ್ಮ ಇಲ್ಲ ಎಂದಳು. ಇದೂ ಹಾಗೇ ಎಂದು ಹೇಳಿ ಅವರು ಮುಂದಿನ ಮಂಚಕ್ಕೆ ಹೋದರು. ಆಮೇಲೆ ಅವಳು ಗೊಣಗಲಿಲ್ಲ.

ಆಪರೇಷನ್ನಿನ ದಿನ ಬೆನ್ನಿಗೆ ಒಂದು ಸೂಜಿ ಚುಚ್ಚಿದರು. ಸೊಂಟದಿಂದ ಕೆಳಗೆ ಮೊದಲು ಬೆಚ್ಚಗಾಯಿತು, ಆಮೇಲೆ ಭಾರವಾಯಿತು, ಆಮೇಲೆ ಏನೂ ಇಲ್ಲವಾಯಿತು. ಮಲಗಲು ಇನ್ನೊಂದು ಮದ್ದು ಕೊಟ್ಟರು. ತಲೆಯ ಮೇಲಿನ ದೊಡ್ಡ ದೀಪ ನೀರಿನೊಳಗಿನಿಂದ ನೋಡಿದ ಹಾಗೆ ಅಲುಗಿತು. ಹಳೇಬೀಡಿನ ಕೆರೆಯ ಅಡಿಯಲ್ಲಿ ಮಲಗಿ ಮೇಲೆ ನೋಡುತ್ತಿದ್ದೇನೆ ಎನ್ನಿಸಿತು ಅವಳಿಗೆ. ಉಸಿರು ಕಟ್ಟಲಿಲ್ಲ, ಭಯವೂ ಆಗಲಿಲ್ಲ. ಮೇಲೆ ಯಾರೋ ದೋಣಿಯಲ್ಲಿ ಕೂತು ಮೆತ್ತಗೆ ಮಾತಾಡುತ್ತಾ, ಬಹಳ ಸಣ್ಣ ಸೂಜಿಯಿಂದ, ಅವಸರವಿಲ್ಲದೆ ಏನನ್ನೋ ಹೊಲಿಯುತ್ತಿದ್ದರು. ಕತ್ತರಿ ತಟ್ಟೆಗೆ ತಾಗಿದ ಸದ್ದು ಅವಳಿಗೆ ತನ್ನ ಜಗಲಿಯ ಸದ್ದಿನಂತೆಯೇ ಕೇಳಿತು.

ಎಚ್ಚರವಾದಾಗ ಎರಡು ಕಾಲೂ ಒಂದಕ್ಕೊಂದು ಅಡ್ಡವಾಗಿ ಪ್ಲಾಸ್ಟರಿನಲ್ಲಿ ಸೇರಿದ್ದವು. ಎಡಗಾಲಿನ ಗಿಣ್ಣು ಬಲಗಾಲಿನ ಮೀನಖಂಡಕ್ಕೆ ತಾಗಿಕೊಂಡಿತ್ತು. ನಡುವೆ ನೋಡಲೆಂದು ಒಂದು ಕಿಂಡಿ ಬಿಟ್ಟಿದ್ದರು. ಚರ್ಮ ಬಿಡಿಸಿದ ಜಾಗಕ್ಕೆ ತೊಡೆಯ ತೆಳ್ಳನೆಯ ಚರ್ಮ ಹಾಕಿದ್ದರು.

ಆಮೇಲಿನ ದಿನಗಳನ್ನು ಅನುಸೂಯಮ್ಮ ಎಣಿಸಲು ಹೋಗಿ ಬಿಟ್ಟುಬಿಟ್ಟಳು. ಅವು ದಿನಗಳ ಹಾಗೇ ಇರಲಿಲ್ಲ. ಮಗ್ಗುಲಾಗುವಂತಿಲ್ಲ, ಏಳುವಂತಿಲ್ಲ. ಸೊಂಟ ನೋಯುತ್ತಿತ್ತು, ಮಂಡಿ ಸೆಳೆಯುತ್ತಿತ್ತು, ಎಲ್ಲದಕ್ಕೂ ಅತ್ತೆಯ ಕೈಯೇ ಬೇಕಿತ್ತು. ಮೊದಲೆರಡು ದಿನ ಆ ನಾಚಿಕೆಯೇ ನೋವಿಗಿಂತ ಹೆಚ್ಚಾಗಿತ್ತು. ಬಸಮ್ಮ ಅದನ್ನು ಕಂಡೂ ಕಾಣದವಳ ಹಾಗೆ ಮೈ ಒರೆಸಿ, ತಲೆ ಬಾಚಿ, ಅನ್ನ ಕಲಸಿ ತಿನ್ನಿಸುತ್ತಿದ್ದಳು. ಮದುವೆಯಾಗಿ ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಅತ್ತೆ ಅವಳ ತಲೆ ಮುಟ್ಟಿದ್ದು ಧಾರೆಯ ದಿನ ಅಕ್ಷತೆ ಹಾಕಿದಾಗ ಮಾತ್ರ.

ವಾರ್ಡಿನ ಎತ್ತರದ ಗವಾಕ್ಷಿಯಿಂದ ಬಿಸಿಲು ಬಂದು ಗೋಡೆಯ ಮೇಲೆ ನಡೆದು ಹೋಗುತ್ತಿತ್ತು. ಪಾರಿವಾಳಗಳು ಗುಟುರು ಹಾಕುತ್ತಿದ್ದವು. ಕಣ್ಣು ಮುಚ್ಚಿ ಮಲಗಿದರೆ, ಕಾಲುಗಳು ಕೂಡಿದ ಕಡೆ ಏನೋ ಮೆಲ್ಲಗೆ ಮಿಡಿಯುತ್ತಿದೆ ಎನ್ನಿಸುವುದು. ಯಾವ ಕಾಲು ಕೊಡುತ್ತಿದೆ, ಯಾವ ಕಾಲು ತೆಗೆದುಕೊಳ್ಳುತ್ತಿದೆ ಎಂಬುದು ಮರೆತು ಹೋಗುವುದು. ಕನಸಿನಲ್ಲಿ ಅವಳಿಗೆ ಒಂದೇ ಕಾಲು, ಮೀನಿನ ಬಾಲದಂಥದು. ಅದನ್ನು ಬೀಸಿ ಅವಳು ಗದ್ದೆಗೆ ಬಿಟ್ಟ ನೀರಿನ ಜೊತೆ ಮಡಿಯಿಂದ ಮಡಿಗೆ ಹರಿದು ಹೋಗುತ್ತಿದ್ದಳು. ಬೆಳೆಯ ಬುಡಗಳು ಕೆನ್ನೆಗೆ ತಾಗುತ್ತಿದ್ದವು. ಹಾಗೆ ಹರಿದು ಹರಿದು ಎಚ್ಚರವಾದರೆ ಬಸಮ್ಮ ಪಕ್ಕದಲ್ಲಿ ಕೂತು ಬೀಸಣಿಗೆ ಆಡಿಸುತ್ತಿರುತ್ತಿದ್ದಳು.

ಹೊದಿಸಿದ ಚರ್ಮದ ಬಣ್ಣ ನೋಡುತ್ತಿರಬೇಕು, ಕಪ್ಪಿಟ್ಟರೆ ಕೂಡಲೇ ಹೇಳಬೇಕು ಎಂದು ಡಾಕ್ಟರು ಹೇಳಿದ್ದರು. ನರ್ಸುಗಳು ನೋಡುತ್ತಿದ್ದರು. ಅವರ ಜೊತೆಗೆ ಬಸಮ್ಮನೂ ಆ ಕಿಂಡಿಯಲ್ಲಿ ಆಗಾಗ ಇಣುಕುತ್ತಿದ್ದಳು. ಒಂದು ಮಧ್ಯಾಹ್ನ ಇಣುಕಿದವಳು ಹಾಗೇ ನಿಂತುಬಿಟ್ಟಳು. ಒಂದು ಮೂಲೆ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಅವಳು ಸೊಸೆಗೆ ಏನೂ ಹೇಳಲಿಲ್ಲ. ಸೆರಗು ಸರಿಮಾಡಿಕೊಂಡು ಬೀದಿಯಷ್ಟು ಉದ್ದದ ಆ ವಾರ್ಡನ್ನು ದಾಟಿ ನರ್ಸಮ್ಮನ ಬಳಿಗೆ ಹೋದಳು.

ಡಾಕ್ಟರು ಬಂದರು. ಅನುಸೂಯಮ್ಮ ಅವರ ಮುಖವನ್ನೇ ನೋಡುತ್ತಿದ್ದಳು.  ಪ್ಲಾಸ್ಟರಿನ ಅಂಚನ್ನು ಕತ್ತರಿಸಿ ಸಡಿಲ ಮಾಡಿದರು, ಎಳೆದಂತಿದ್ದ ಒಂದೆರಡು ಹೊಲಿಗೆ ಬಿಚ್ಚಿದರು, ಕಾಲನ್ನು ಸ್ವಲ್ಪ ಹೊರಳಿಸಿ ದಿಂಬು ಕೊಟ್ಟರು. ಚರ್ಮ ಮಡಚಿದಂತಾಗಿ ರಕ್ತ ವಾಪಸು ಹೋಗಲು ದಾರಿ ಇಕ್ಕಟ್ಟಾಗಿತ್ತು, ಈಗ ಕಾದು ನೋಡಬೇಕು ಎಂದರು.

ಆ ಸಂಜೆಯ ತನಕ ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬೇಡ ಬೇಡ ಎಂದರೂ ಅನುಸೂಯಮ್ಮನ ಮನಸ್ಸಿಗೆ ಬದುವಿನ ಮೇಲೆ ಒಂಟಿಯಾಗಿ ನಡೆದುಹೋಗುತ್ತಿದ್ದ ಪಾದ ಬರುತ್ತಿತ್ತು. ಆಸ್ಪತ್ರೆಗೆ ಬಂದದ್ದಕ್ಕೆ ಬಯ್ಯುವಳೇನೋ ಎಂದು ಅವಳು ಕೊನೆಗೆ ಅತ್ತೆಯ ಕಡೆ ತಿರುಗಿದಳು. ಬಸಮ್ಮ ಅವಳ ಕೈ ಹಿಡಿದುಕೊಂಡಳು.

"ಬಂದಿದ್ದು ಒಳ್ಳೇದೇ ಆಯ್ತು ಕಣಮ್ಮಿ," ಎಂದಳು. "ಮನೇಲಾಗಿದ್ರೆ ನಂಗೆ ಇದ್ನ ನೋಡಕ್ಕೂ ಗೊತ್ತಾಯ್ತಿರ್ಲಿಲ್ಲ."

ಚರ್ಮ ಉಳಿಯಿತು. ಬಹುಪಾಲು ನಿಧಾನವಾಗಿ ಗುಲಾಬಿ ಬಣ್ಣಕ್ಕೆ ತಿರುಗಿತು. ತುದಿಯ ಒಂದು ಸಣ್ಣ ಚೂರು ಮಾತ್ರ ಕಪ್ಪಾಗಿ ಉದುರಿತು. ಅದರ ಅಡಿಯಲ್ಲಿ ಮೂಳೆ ಇರಲಿಲ್ಲವಾದ್ದರಿಂದ ಆ ಜಾಗ ಆಮೇಲೆ ತಾನಾಗಿ ಕೂಡಿಕೊಂಡಿತು. ಮೂರು ವಾರ ತುಂಬಿದ ಮೇಲೆ ಇನ್ನೊಂದು ಚಿಕ್ಕ ಆಪರೇಷನ್ ಮಾಡಿ, ಕೂಡಿದ್ದ ಅಂಚನ್ನು ಕತ್ತರಿಸಿ ಕಾಲುಗಳನ್ನು ಬೇರೆ ಮಾಡಿದರು.

ಕಾಲುಗಳು ಬಿಡಿಯಾದಾಗ ಅವಳಿಗೆ ಸಂತೋಷದ ಜೊತೆಗೆ ಏನೋ ಕಳೆದುಕೊಂಡ ಹಾಗೂ ಆಯಿತು. ನಿದ್ದೆಗಣ್ಣಿನಲ್ಲಿ ಬಲಗಾಲು ಎಡಗಾಲನ್ನು ಹುಡುಕಿಕೊಂಡು ಹೋಗುತ್ತಿತ್ತು. ಮಂಡಿಗಳು ಮರದ ಕೊರಡಾಗಿದ್ದವು. ಮಡಚಲು, ನಿಲ್ಲಲು, ಹೆಜ್ಜೆಯಿಡಲು ಮಗುವಿನ ಹಾಗೆ ಕಲಿಯಬೇಕಾಯಿತು. ಮೊದಲ ಸಲ ಮಂಚ ಹಿಡಿದು ನಿಂತಾಗ ಪಾದಕ್ಕೆ ರಕ್ತ ಇಳಿದು ತೇಪೆ ಕೆಂಪಗೆ ಊದಿತು. ಅದಕ್ಕೆಂದೇ ಕಟ್ಟುವ ಹಿಗ್ಗುವ ಪಟ್ಟಿ ಕೊಟ್ಟರು. ಕೂತಾಗೆಲ್ಲ ಕಾಲು ಮೇಲಿಟ್ಟುಕೊಳ್ಳಿ ಎಂದರು. ಡಾಕ್ಟರು ಅದಕ್ಕೆ ಫ್ಲ್ಯಾಪು ಎನ್ನುತ್ತಿದ್ದರು. ಬಸಮ್ಮ ಕೊನೆಯ ತನಕ ತೇಪೆ ಎಂದೇ ಕರೆದಳು. ಡಾಕ್ಟರೂ ಆಮೇಲೆ ಹಾಗೇ ಕರೆಯತೊಡಗಿದರು.

ಹೊರಡುವ ದಿನ ಅವರು ಒಂದು ಮಾತು ಒತ್ತಿ ಹೇಳಿದರು. ಆ ಚರ್ಮಕ್ಕೆ ಈಗ ಜೀವವಿದೆ, ಆದರೆ ಸ್ಪರ್ಶ ಗೊತ್ತಾಗುವುದಿಲ್ಲ. ಮುಳ್ಳು ಚುಚ್ಚಿದರೂ ಕೆಂಡ ತಾಗಿದರೂ ಅದು ಹೇಳುವುದಿಲ್ಲ. ಚಪ್ಪಲಿ ಇಲ್ಲದೆ ನಡೆಯಬಾರದು, ಬಿಸಿನೀರು ಹಾಕುವಾಗ ಕೈಯಿಟ್ಟು ನೋಡಬೇಕು, ದಿನಕ್ಕೊಮ್ಮೆ ಪಾದವನ್ನು ಕಣ್ಣಾರೆ ನೋಡಿಕೊಳ್ಳಬೇಕು. ಸ್ಪರ್ಶ ಬಂದರೂ ಬರಬಹುದು, ಪೂರ್ತಿ ಬಾರದೆಯೂ ಇರಬಹುದು, ಕಾಯಬೇಕು ಎಂದರು.

ಅನುಸೂಯಮ್ಮ ಊರಿಗೆ ಬಂದಾಗ ಮುಂಗಾರು ಹಿಡಿದಿತ್ತು. ಕೋಲು ಹಿಡಿದು ನಡೆದಳು, ಆಮೇಲೆ ಕೋಲು ಬಿಟ್ಟಳು. ಸ್ವಲ್ಪ ಎಳೆದು ಹಾಕುವ ಹೆಜ್ಜೆ ಉಳಿಯಿತು. ಮೆಲ್ಲಮೆಲ್ಲನೆ ಮಿಷನ್ನಿನ ಕೆಲಸವೂ ಹಿಡಿಯಿತು. ಬಟ್ಟೆ ತಂದವರು ಮತ್ತೆ ಜಗಲಿಯ ಮೇಲೆ ಕೂತರು. ಅವರಲ್ಲಿ ಯಾರಾದರೂ ಕಾಲು ತೋರಿಸು ಎಂದರೆ ಅವಳು ತೋರಿಸುತ್ತಿದ್ದಳು. ಚಂದ್ರಮತಿಯವರು ಅಷ್ಟು ವರ್ಷ ಮುಚ್ಚಿಟ್ಟದ್ದನ್ನು ತನಗಾಗಿ ತೆರೆದಿಟ್ಟ ಮೇಲೆ ತಾನು ಮುಚ್ಚಿಕೊಳ್ಳುವುದು ಸರಿಯಲ್ಲ ಎನ್ನಿಸಿತ್ತು ಅವಳಿಗೆ.

ಮುಂದಿನ ವರ್ಷ ನಾಟಿಯ ಕಾಲ. ಗಂಗಾಧರಪ್ಪನಿಗೆ ಬುತ್ತಿ ತೆಗೆದುಕೊಂಡು ಅವಳು ಗದ್ದೆಗೆ ಹೋಗಿದ್ದಳು. ಕಾಲುವೆ ದಾಟಬೇಕಾಗಿತ್ತು. ಕೆಳಗೆ ನುಣ್ಣನೆಯ ಮರಳು, ತಿಳಿ ನೀರು, ಎಲ್ಲವೂ ಕಣ್ಣಿಗೆ ಕಾಣುತ್ತಿತ್ತು. ಚಪ್ಪಲಿ ನೆನೆಯದಿರಲೆಂದು ಕೈಯಲ್ಲಿ ಹಿಡಿದು, ನೋಡಿ ನೋಡಿ ಹೆಜ್ಜೆಯಿಟ್ಟಳು. ನಡುವೆ ಬಂದವಳು ನಿಂತಳು. ಎಡಗಾಲಿನ ಗಿಣ್ಣಿನ ಬಳಿ, ತೇಪೆಯ ಅಂಚಿನಿಂದ ಒಂದು ಬೆರಳು ಒಳಗೆ, ಏನೋ ಇತ್ತು. ನೋವಲ್ಲ, ಕಚಗುಳಿಯಲ್ಲ. ಬಹಳ ದೂರದಿಂದ ಯಾರೋ ಹೆಸರು ಹಿಡಿದು ಕರೆದ ಹಾಗೆ. ಬಗ್ಗಿ ನೋಡಿದಳು, ಅಲ್ಲಿ ನೀರು ಬಿಟ್ಟರೆ ಬೇರೇನೂ ಇರಲಿಲ್ಲ. ಆಗ ತಿಳಿಯಿತು, ಅದು ನೀರಿನ ತಂಪು.

ಬದುವಿನ ಮೇಲಿಂದ ಗಂಡ ಏನಾಯಿತೆಂದು ಕೂಗಿ ಕೇಳಿದ.  ಬುತ್ತಿಯನ್ನು ತಲೆಯ ಮೇಲೆ ಹಿಡಿದುಕೊಂಡು ಇನ್ನೂ ಸ್ವಲ್ಪ ಹೊತ್ತು ಆ ನೀರಿನಲ್ಲಿ ಹಾಗೇ ನಿಂತಳು.

ಇದನ್ನು ಓದುತ್ತಿರುವ, ಕೂತು ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ,

ಗಾಡಿಯ ಚಕ್ರ, ಸೈಕಲ್ಲಿನ ಕಡ್ಡಿ, ಬಸ್ಸು, ಯಂತ್ರ, ಗುದ್ದಲಿ ಯಾವುದರಿಂದಲಾದರೂ ನಿಮ್ಮ ಮನೆಯವರ ಕಾಲಿಗೆ ಗಾಯವಾದೀತು. ಆಗ ಏನು ಹಚ್ಚೋಣ ಎಂದು ಯೋಚಿಸಬೇಡಿ. ಶುದ್ಧ ನೀರಿನಿಂದ ತೊಳೆಯಿರಿ, ಶುಭ್ರ ಬಟ್ಟೆ ಒತ್ತಿ ಕಟ್ಟಿ, ಕಾಲು ಎತ್ತರಕ್ಕೆ ಇಟ್ಟು, ಹತ್ತಿರದ ಆಸ್ಪತ್ರೆಗೆ ಕರೆದೊಯ್ದು ಧನುರ್ವಾಯುವಿನ ಸೂಜಿ ಹಾಕಿಸಿ. ಸಗಣಿ, ಬೂದಿ, ಮಣ್ಣು, ಸೀಮೆಎಣ್ಣೆ ಗಾಯದ ಹತ್ತಿರ ಸುಳಿಯದಿರಲಿ. ಗಾಯದಲ್ಲಿ ಮೂಳೆಯೋ ನರವೋ ಕಂಡರೆ, ಚರ್ಮ ಕಪ್ಪಾದರೆ, ವಾಸನೆ ಬಂದರೆ, ಎರಡು ವಾರವಾದರೂ ಕೂಡದಿದ್ದರೆ, ದೊಡ್ಡ ಆಸ್ಪತ್ರೆಗೆ ಹೋಗಲು ಇನ್ನೊಂದು ಸಂತೆ ಕಾಯಬೇಡಿ. ಸಕ್ಕರೆ ಕಾಯಿಲೆ ಇರುವವರು, ಪಾದದಲ್ಲಿ ಸ್ಪರ್ಶ ಇಲ್ಲದವರು ಸಣ್ಣ ಗಾಯಕ್ಕೂ ಹೋಗಿ ತೋರಿಸಿ. ಗಾಯ ಮಾಯುವ ತನಕ ಬೀಡಿ ಸಿಗರೇಟು ಮುಟ್ಟಬೇಡಿ, ಹೊಗೆ ಹೊಸ ಚರ್ಮಕ್ಕೆ ಹೋಗುವ ರಕ್ತವನ್ನು ತಡೆಯುತ್ತದೆ.

ಅಲ್ಲಿ ಹೋಗಿ ಹೆದರದೆ ಕೇಳಿ: ಈ ಗಾಯಕ್ಕೆ ಚರ್ಮ ಹೊದಿಸಿ ಕಾಲು ಉಳಿಸಬಹುದೇ? ಎಲ್ಲ ಕಾಲೂ ಉಳಿಯುತ್ತದೆಂದು ಯಾರೂ ಮಾತು ಕೊಡಲಾರರು. ಆದರೆ ಬೇಗ ಹೋದಷ್ಟೂ ಉಳಿಯುವುದು ಹೆಚ್ಚು.

ನಿಮ್ಮ ಬೀದಿಯಲ್ಲೂ ಯಾರೋ ಒಬ್ಬರು ಕಾಲಿಗೆ ಬಟ್ಟೆ ಸುತ್ತಿಕೊಂಡು ಒಳಗೆ ಮಲಗಿರಬಹುದು. ಬೀದಿಯಿಂದಲೇ ಮಾತಾಡಿಸಿ ಹೋಗಬೇಡಿ. ಒಳಗೆ ಹೋಗಿ, ಅವರ ಕಾಲ ಬಳಿ ಕೂತುಕೊಳ್ಳಿ.